ನಗರದ ನಡುವಿನ ಪೇಟೆಗೆ ಮುಂದಿನ ದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಗರದ ನಡುವಿನ ವ್ಯಾಪಾರದ ಬೀದಿಗಳಲ್ಲಿ ಶಟರ್‌ಗಳು ಒಂದೊಂದಾಗಿ ಮುಚ್ಚತೊಡಗಿದರೆ ನಗರಾಡಳಿತ, ವರ್ತಕರು, ಕಟ್ಟಡದ ಮಾಲೀಕರು, ಅಲ್ಲೇ ವಾಸವಿರುವವರು ಎಲ್ಲರಿಗೂ ಆತಂಕ ಹುಟ್ಟುತ್ತದೆ. ಆಗ ಅವರು ಕೇಳುವ ಪ್ರಶ್ನೆಗಳನ್ನೂ ಕೆಲಸಕ್ಕೆ ಬರುವ ಉತ್ತರಗಳನ್ನೂ ಇಲ್ಲಿ ಕೊಟ್ಟಿದ್ದೇವೆ. ನಮ್ಮ ನಿಲುವು ಮೊದಲೇ ಹೇಳಿಬಿಡುತ್ತೇವೆ: ಪೇಟೆ ಉಳಿಯುವುದು ಒಂದು ದೊಡ್ಡ ಕಟ್ಟಡದಿಂದಲ್ಲ. ನೆಲಮಹಡಿಯ ಪ್ರತಿ ಬಾಗಿಲನ್ನೂ ಗಮನಿಸುತ್ತ, ವರ್ಷಾನುಗಟ್ಟಲೆ ನಿರ್ವಹಿಸುವ ಜನ ಇದ್ದರೆ ಮಾತ್ರ ಅದು ಉಳಿಯುತ್ತದೆ.

ಯೋಜನೆಯನ್ನು ಎಲ್ಲಿಂದ ಶುರು ಮಾಡಬೇಕು?

ಎಣಿಕೆಯಿಂದ. ನಕ್ಷೆ, ಬಣ್ಣದ ಚಿತ್ರ, ಕಲ್ಲುಹಾಸಿನ ಮಾದರಿ ಎಲ್ಲ ಆಮೇಲೆ. ಎಷ್ಟು ಜನ ನಡೆಯುತ್ತಾರೆ, ಎಷ್ಟು ಅಂಗಡಿ ಖಾಲಿ ಇವೆ, ಯಾವುದು ಯಾರ ಕೈಯಲ್ಲಿದೆ ಎನ್ನುವುದು ಗೊತ್ತಿಲ್ಲದೆ ಬರೆದ ಯೋಜನೆ ಸಭೆಯಲ್ಲಿ ಯಾರ ದನಿ ಜೋರೋ ಅವರ ಕಡೆ ವಾಲುತ್ತದೆ.

ಜನರನ್ನು ಎಣಿಸಲು ಕೈಯಲ್ಲಿ ಒತ್ತುವ ಎಣಿಕೆ ಯಂತ್ರ, ಗಡಿಯಾರ, ಒಂದು ಹಾಳೆ ಸಾಕು. ಬೀದಿಯ ಮೂಲೆಯಲ್ಲಿ ನಿಲ್ಲಬೇಡಿ, ಅಲ್ಲಿ ಎರಡು ರಸ್ತೆಯ ಜನ ಬೆರೆತುಹೋಗುತ್ತಾರೆ. ಎರಡು ಅಡ್ಡರಸ್ತೆಗಳ ನಡುವೆ ಅರ್ಧ ದೂರದಲ್ಲಿ ನಿಂತು, ಗೋಡೆಯಿಂದ ರಸ್ತೆಯಂಚಿನವರೆಗೆ ಒಂದು ಗೆರೆ ಇದೆ ಎಂದುಕೊಂಡು, ಅದನ್ನು ಎರಡೂ ದಿಕ್ಕಿನಿಂದ ದಾಟುವವರನ್ನೆಲ್ಲ ಎಣಿಸಿ. ಪ್ರತಿ ಗಂಟೆಯಲ್ಲಿ 10 ನಿಮಿಷ ಎಣಿಸಿ 6ರಿಂದ ಗುಣಿಸಿದರೆ ಆ ಗಂಟೆಯ ಅಂದಾಜು ಸಿಗುತ್ತದೆ. ಜನ ವಿರಳವಾಗಿರುವ ಕಡೆ 15 ನಿಮಿಷ ಎಣಿಸಿ 4ರಿಂದ ಗುಣಿಸುವುದು ವಾಸಿ. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿನಿಂದ ರಾತ್ರಿ ಮುಚ್ಚಿದ ನಂತರ ಒಂದು ಗಂಟೆಯವರೆಗೆ, ವಾರದ ನಡುವಿನ ಒಂದು ದಿನ ಮತ್ತು ರಜೆಯ ಒಂದು ದಿನ ಎಣಿಸಿ. ಮಳೆ ಬಂದ ದಿನದ ಲೆಕ್ಕವನ್ನು ಬಿಸಿಲಿನ ದಿನದ ಲೆಕ್ಕದ ಜತೆ ಹೋಲಿಸಬೇಡಿ. ಮುಂದಿನ ವರ್ಷ ಅದೇ ಜಾಗ, ಅದೇ ತಿಂಗಳು, ಅದೇ ವಾರದ ದಿನ ಮತ್ತೆ ಎಣಿಸಬೇಕು. ಜಾಗ ಹತ್ತು ಹೆಜ್ಜೆ ಆಚೀಚೆಯಾದರೂ ಬಸ್ ನಿಲ್ದಾಣದ ಸಾಲು ಲೆಕ್ಕದೊಳಗೆ ಸೇರಿಬಿಡಬಹುದು.

ಎಣಿಸುವಾಗ ಇನ್ನೊಂದು ಕಾಲಂ ಇಟ್ಟುಕೊಳ್ಳಿ: ಕೈಯಲ್ಲಿ ಚೀಲ ಇರುವವರು ಎಷ್ಟು? ಸಾವಿರ ಜನ ದಾಟುವ ಬೀದಿಯಲ್ಲಿ ಚೀಲ ಹಿಡಿದವರು ಇಪ್ಪತ್ತೇ ಇದ್ದರೆ ಆ ಬೀದಿ ಪೇಟೆಯಾಗಿ ಉಳಿದಿಲ್ಲ, ಬರೀ ಹಾದುಹೋಗುವ ದಾರಿಯಾಗಿದೆ.

ಅಂಗಡಿಗಳ ಪಟ್ಟಿಯಲ್ಲಿ ಏನೇನು ಬರೆದುಕೊಳ್ಳಬೇಕು?

ಬಾಗಿಲಿಗೊಂದು ಸಾಲು. ಮುಂಭಾಗದ ಅಗಲ, ಒಳಗಿನ ಆಳ, ಈಗಿನ ಬಳಕೆ, ಖಾಲಿಯಾಗಿದ್ದರೆ ಎಂದಿನಿಂದ, ಮಾಲೀಕರೇ ನಡೆಸುತ್ತಿದ್ದಾರೋ ಬಾಡಿಗೆಗೋ, ಬಾಡಿಗೆ ಕರಾರು ಯಾವಾಗ ಮುಗಿಯುತ್ತದೆ, ಹಿಂಬದಿಯಿಂದ ಸರಕು ಇಳಿಸಲು ದಾರಿ ಇದೆಯೇ, ಮೇಲ್ಮಹಡಿಗೆ ಬೀದಿಯಿಂದಲೇ ಬಾಗಿಲಿದೆಯೇ, ಹೊಸ್ತಿಲು ಫುಟ್‌ಪಾತ್‌ಗಿಂತ ಎಷ್ಟು ಎತ್ತರ, ಗಾಜಿನ ಎಷ್ಟು ಭಾಗ ಪೋಸ್ಟರಿನಿಂದ ಮುಚ್ಚಿದೆ. ಇದೇ ಪಟ್ಟಿಯನ್ನು ಹಿಡಿದು ರಾತ್ರಿ ಎಂಟು ಗಂಟೆಗೆ ಮತ್ತೊಮ್ಮೆ ನಡೆಯಿರಿ. ಯಾವ ಬಾಗಿಲು ತೆರೆದಿದೆ, ಯಾವ ಮೇಲ್ಮಹಡಿಯಲ್ಲಿ ದೀಪ ಇದೆ ಎಂದು ಗುರುತು ಹಾಕಿ. ಹಗಲಿನ ಪಟ್ಟಿ ಹೇಳದ ಸಂಗತಿ ಈ ಎರಡನೇ ನಡಿಗೆಯಲ್ಲಿ ಸಿಗುತ್ತದೆ.

ನೂರಕ್ಕೆ ಐದಾರು ಅಂಗಡಿ ಖಾಲಿ ಇದ್ದರೆ ಗಾಬರಿ ಬೇಡ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಅಷ್ಟು ಖಾಲಿ ಇದ್ದೇ ಇರುತ್ತದೆ. ನೋಡಬೇಕಾದದ್ದು ಒಂದು ವರ್ಷ ಮೀರಿ ಖಾಲಿ ಇರುವ ಅಂಗಡಿಗಳನ್ನು, ಅದರಲ್ಲೂ ಅವು ಅಕ್ಕಪಕ್ಕ ಸೇರಿಕೊಂಡಿರುವ ಜಾಗಗಳನ್ನು. ಚದುರಿದ ಹತ್ತು ಖಾಲಿ ಅಂಗಡಿಗಿಂತ ಒಟ್ಟಿಗಿರುವ ನಾಲ್ಕು ಖಾಲಿ ಅಂಗಡಿ ಬೀದಿಗೆ ಹೆಚ್ಚು ಪೆಟ್ಟು ಕೊಡುತ್ತವೆ, ಯಾಕೆಂದರೆ ನಡೆಯುವವರು ಅಲ್ಲಿಂದಲೇ ಹಿಂದೆ ತಿರುಗುತ್ತಾರೆ.

ನಮ್ಮ ಪೇಟೆಗೆ ಎಷ್ಟು ಅಂಗಡಿ ಜಾಗ ಬೇಕು? ಲೆಕ್ಕ ಹಾಕುವುದು ಹೇಗೆ?

ನಾಲ್ಕು ಸಂಖ್ಯೆ ಬೇಕು. ಸುತ್ತಲಿನ ಜನಸಂಖ್ಯೆ, ಒಬ್ಬರು ವರ್ಷಕ್ಕೆ ಅಂಗಡಿಗಳಲ್ಲಿ ಮಾಡುವ ಖರ್ಚು, ಅದರಲ್ಲಿ ಈ ಪೇಟೆಗೆ ಬರುವ ಪಾಲು, ಮತ್ತು ಒಂದು ಚದರ ಮೀಟರ್ ಅಂಗಡಿ ಬದುಕಲು ವರ್ಷಕ್ಕೆ ಆಗಬೇಕಾದ ವ್ಯಾಪಾರ. ಮೊದಲ ಮೂರನ್ನು ಗುಣಿಸಿ ನಾಲ್ಕನೆಯದರಿಂದ ಭಾಗಿಸಿ.

ಒಂದು ಲೆಕ್ಕ ನೋಡಿ. ಜನ 40,000, ತಲಾ ಖರ್ಚು 100 ಮಾನ (ಮಾನ ಎಂದರೆ ಇಲ್ಲಿ ಲೆಕ್ಕಕ್ಕೆಂದು ಇಟ್ಟುಕೊಂಡ ಹಣದ ಅಳತೆ), ಪೇಟೆಯ ಪಾಲು ನೂರಕ್ಕೆ 25, ಚದರ ಮೀಟರಿಗೆ ಬೇಕಾದ ವ್ಯಾಪಾರ 50 ಮಾನ ಎಂದುಕೊಳ್ಳಿ. ಪೇಟೆಗೆ ಬರುವ ಹಣ 10 ಲಕ್ಷ ಮಾನ, ಅದು ಸಾಕುವ ಜಾಗ 20,000 ಚದರ ಮೀಟರ್. ಈಗಿರುವ ಜಾಗ 26,000 ಆದರೆ 6,000 ಚದರ ಮೀಟರ್ ಹೆಚ್ಚಾಗಿದೆ. ಎಷ್ಟೇ ಚಂದದ ದೀಪಕಂಬ ನೆಟ್ಟರೂ ಅಷ್ಟನ್ನು ಅಂಗಡಿಗಳಿಂದ ತುಂಬಲು ಆಗದು. ಅದಕ್ಕೆ ಬೇರೆ ಬಳಕೆ ಹುಡುಕಬೇಕು: ಚಿಕಿತ್ಸಾಲಯ, ತರಬೇತಿ ಕೇಂದ್ರ, ಸಣ್ಣ ಕಾರ್ಖಾನೆ, ಕಚೇರಿ, ಮನೆ. ಅಲ್ಲದೆ ಹೊಸ ಮಳಿಗೆಗಳ ಸಂಕೀರ್ಣಕ್ಕೆ ಅನುಮತಿ ಕೊಡುವ ಮುನ್ನ ಈ ಲೆಕ್ಕವನ್ನು ಮುಂದಿಟ್ಟುಕೊಳ್ಳಬೇಕು.

ಇಲ್ಲಿ ಎಡವುವುದು ಮೂರನೇ ಸಂಖ್ಯೆಯಲ್ಲಿ. ಪಾಲನ್ನು 25ರ ಬದಲು 35 ಎಂದು ಬರೆದರೆ ಬೇಕಾದ ಜಾಗ 28,000ಕ್ಕೆ ಏರಿ ಕೊರತೆ ಇದ್ದಂತೆ ಕಾಣುತ್ತದೆ. ಆದ್ದರಿಂದ ಪಾಲನ್ನು ಊಹಿಸಬೇಡಿ, ಮನೆಗಳ ಸಮೀಕ್ಷೆಯಿಂದ ತೆಗೆಯಿರಿ: ಕಳೆದ ಸಲ ಬಟ್ಟೆ ಎಲ್ಲಿ ಕೊಂಡಿರಿ, ದಿನಸಿ ಎಲ್ಲಿ, ಔಷಧಿ ಎಲ್ಲಿ, ಎಷ್ಟನ್ನು ಆನ್‌ಲೈನ್‌ನಲ್ಲಿ? ವಸ್ತುವಿನಿಂದ ವಸ್ತುವಿಗೆ ಪಾಲು ಬಹಳ ಬೇರೆಯಾಗಿರುತ್ತದೆ.

ಪೇಟೆಯ ಗಡಿ ಎಷ್ಟು ದೊಡ್ಡದಿರಬೇಕು?

ನಕ್ಷೆಯ ಮೇಲೆ ನೀವು ಮೊದಲು ಎಳೆಯುವ ಗೆರೆಗಿಂತ ಚಿಕ್ಕದು. ಸಾಮಾನ್ಯ ನಡಿಗೆಯಲ್ಲಿ ನಿಮಿಷಕ್ಕೆ 80 ಮೀಟರ್ ಸಾಗುತ್ತೇವೆ, ಐದು ನಿಮಿಷಕ್ಕೆ 400 ಮೀಟರ್. ಒಂದೇ ಓಟದಲ್ಲಿ ಅಂಗಡಿ ನೋಡುತ್ತ ಸಾಗುವ ಗಟ್ಟಿ ಭಾಗ 300ರಿಂದ 500 ಮೀಟರ್ ಇದ್ದರೆ ಸಾಕು. ಅಂಗಡಿ ಕಡ್ಡಾಯ ಎನ್ನುವ ನಿಯಮವನ್ನು ಆ ಭಾಗಕ್ಕೆ ಮಾತ್ರ ಹಾಕಿ. ಎರಡು ಕಿಲೋಮೀಟರ್ ಉದ್ದಕ್ಕೂ ನೆಲಮಹಡಿಯಲ್ಲಿ ಅಂಗಡಿಯೇ ಇರಬೇಕು ಎಂದು ಬರೆದರೆ ಅರ್ಧ ಜಾಗ ಖಾಲಿಯೇ ಉಳಿಯುತ್ತದೆ, ಇರುವ ವ್ಯಾಪಾರವೂ ತೆಳುವಾಗಿ ಹರಡಿಹೋಗುತ್ತದೆ.

ಅಂಗಡಿ ಖಾಲಿ ಇದ್ದರೂ ಮಾಲೀಕರು ಬಾಡಿಗೆ ಯಾಕೆ ಇಳಿಸುವುದಿಲ್ಲ?

ಎಲ್ಲರೂ ದುರಾಸೆ ಎನ್ನುತ್ತಾರೆ. ಕಾರಣ ಸಾಮಾನ್ಯವಾಗಿ ಬೇರೆಯೇ ಇರುತ್ತದೆ, ಪ್ರತಿ ಕಾರಣಕ್ಕೂ ಬೇರೆ ಮದ್ದು ಬೇಕು.

ಕಟ್ಟಡದ ಬೆಲೆಯನ್ನು ಅದರ ಬಾಡಿಗೆಯಿಂದ ಕಟ್ಟುತ್ತಾರೆ. ಸಾಲಕ್ಕೆ ಅಡವಿಟ್ಟ ಕಟ್ಟಡದ ಬಾಡಿಗೆಯನ್ನು ಕಾಗದದ ಮೇಲೆ ಇಳಿಸಿದರೆ ಅದರ ಬೆಲೆಯೂ ಇಳಿಯುತ್ತದೆ, ಬ್ಯಾಂಕ್ ಪ್ರಶ್ನೆ ಎತ್ತುತ್ತದೆ. ಇಂಥವರಿಗೆ ಕರಾರಿನ ಬಾಡಿಗೆ ಹಾಗೇ ಇಟ್ಟು, ಮೊದಲ ಕೆಲವು ತಿಂಗಳು ಉಚಿತ ಎನ್ನುವ ಕರಾರು ಒಗ್ಗುತ್ತದೆ. ಆಸ್ತಿ ಅಣ್ಣತಮ್ಮಂದಿರ ವ್ಯಾಜ್ಯದಲ್ಲಿದ್ದರೆ ದೀರ್ಘ ಕರಾರಿಗೆ ಯಾರೂ ಸಹಿ ಹಾಕರು, ಆದರೆ ಎಲ್ಲರೂ ಒಪ್ಪಿದರೆ ಆರು ತಿಂಗಳ ತಾತ್ಕಾಲಿಕ ಬಳಕೆ ಸಾಧ್ಯ. ಕೆಲವರು ಕಟ್ಟಡ ಕೆಡವಿ ಎತ್ತರಕ್ಕೆ ಕಟ್ಟುವ ಅನುಮತಿಗಾಗಿ ಕಾಯುತ್ತಿರುತ್ತಾರೆ. ಇದಕ್ಕೆ ನಗರಾಡಳಿತವೇ ಕಾರಣ: ಎತ್ತರದ ನಿಯಮ ಬದಲಾಗಬಹುದು ಎಂದು ವರ್ಷಗಟ್ಟಲೆ ಸುಳಿವು ಕೊಡುತ್ತಿದ್ದರೆ ಯಾರು ತಾನೇ ಐದು ವರ್ಷದ ಕರಾರು ಮಾಡಿಕೊಳ್ಳುತ್ತಾರೆ? ನಿಯಮವನ್ನು ಸ್ಪಷ್ಟವಾಗಿ ಬರೆದು ಮುಗಿಸಿಬಿಡಿ. ಇನ್ನು ಕೆಲವು ಕಟ್ಟಡಗಳಲ್ಲಿ ವೈರಿಂಗ್ ಸುಟ್ಟಿದೆ, ಶೌಚಾಲಯ ಇಲ್ಲ, ಸೂರು ಸೋರುತ್ತದೆ. ದುರಸ್ತಿಗೆ ಹಣವಿಲ್ಲದೆ ಬೀಗ ಹಾಕಿದವರಿಗೆ ಅಂಗಡಿ ಖಾಲಿ ಇಟ್ಟಿದ್ದಕ್ಕೆ ತೆರಿಗೆ ಹೇರಿದರೆ ಏನೂ ಆಗದು. ಅವರಿಗೆ ಬೇಕಾದದ್ದು ದುರಸ್ತಿ ಸಾಲ.

ಆದ್ದರಿಂದ ತೆರಿಗೆ, ದಂಡ ಎನ್ನುವ ಮುನ್ನ ಪ್ರತಿ ಖಾಲಿ ಅಂಗಡಿಯ ಮಾಲೀಕರ ಜತೆ ಕೂತು ಮಾತಾಡಿ, ಕಾರಣ ಬರೆದುಕೊಳ್ಳಿ.

ತಾತ್ಕಾಲಿಕ ಅಂಗಡಿಗಳಿಂದ ಪ್ರಯೋಜನ ಇದೆಯೇ?

ಸರಿಯಾಗಿ ನಡೆಸಿದರೆ ಇದೆ. ಮೂರರಿಂದ ಆರು ತಿಂಗಳ ಅವಧಿ, ಎರಡು ಪುಟ ಮೀರದ ಕರಾರು, ಮಾಲೀಕರಿಗೆ ತಿಂಗಳ ಮುನ್ಸೂಚನೆಯ ಮೇಲೆ ಬಿಡಿಸಿಕೊಳ್ಳುವ ಹಕ್ಕು, ವಿಮೆ ಮತ್ತು ವಿದ್ಯುತ್ ಬಿಲ್ಲು ಯಾರದು ಎನ್ನುವ ಸ್ಪಷ್ಟತೆ. ಜಾಗವನ್ನು ಬಾಡಿಗೆದಾರರ ಕೈಗೆ ಕೊಡುವ ಮುನ್ನ ಬಿಳಿ ಬಣ್ಣ, ಕೆಲಸ ಮಾಡುವ ದೀಪ, ನಾಲ್ಕಾರು ಪ್ಲಗ್ ಪಾಯಿಂಟ್, ನೀರು, ಶೌಚಾಲಯ ಇಷ್ಟು ಇರಲೇಬೇಕು. ಇದಿಲ್ಲದೆ ಕೊಟ್ಟರೆ ಹೊಸಬರ ಚೂರುಪಾರು ಬಂಡವಾಳವೆಲ್ಲ ವೈರಿಂಗಿಗೇ ಹೋಗುತ್ತದೆ. ಮುಖ್ಯವಾದದ್ದು ನಾಲ್ಕನೇ ತಿಂಗಳು: ಚೆನ್ನಾಗಿ ನಡೆಯುತ್ತಿರುವವರನ್ನು ಖಾಯಂ ಕರಾರಿಗೆ ದಾಟಿಸುವ ಮಾತುಕತೆ ಆಗ ಶುರುವಾಗಬೇಕು. ಆರನೇ ತಿಂಗಳಿಗೆ ಬಿಟ್ಟರೆ ಅವರು ಬೇರೆ ಕಡೆ ಜಾಗ ನೋಡಿಕೊಂಡಿರುತ್ತಾರೆ.

ಮುಖ್ಯ ಬೀದಿಯನ್ನು ವಾಹನಗಳಿಗೆ ಮುಚ್ಚಿಬಿಡೋಣವೇ?

ಹೌದು ಎನ್ನಲು ಕೋಪನ್‌ಹೇಗನ್ ಇದೆ, ಬೇಡ ಎನ್ನಲು ಅಮೆರಿಕದ ಹಲವು ಊರುಗಳಿವೆ. ಕೋಪನ್‌ಹೇಗನ್‌ನ ಸ್ಟ್ರೊಯೆಟ್ ಬೀದಿ 1962ರಲ್ಲಿ ಪಾದಚಾರಿಗಳದ್ದಾಯಿತು, ವರ್ತಕರು ಆಗ ವಿರೋಧಿಸಿದ್ದರು, ಇಂದಿಗೂ ಅದು ತುಂಬಿ ತುಳುಕುತ್ತದೆ. ಬ್ರೆಜಿಲ್‌ನ ಕುರಿಟೀಬಾ ನಗರ 1972ರಲ್ಲಿ ತನ್ನ ಮುಖ್ಯ ವ್ಯಾಪಾರದ ಬೀದಿಯನ್ನು ವಾರಾಂತ್ಯದಲ್ಲಿ ಕೆಲಸ ಶುರುಮಾಡಿ ಕೆಲವೇ ದಿನಗಳಲ್ಲಿ ಬದಲಿಸಿತು. ಇನ್ನೊಂದು ಕಡೆ, ಅಮೆರಿಕದ ಕಲಮಜೂ ಊರು 1959ರಲ್ಲೇ ಬೀದಿ ಮುಚ್ಚಿ 1990ರ ದಶಕದ ಕೊನೆಯಲ್ಲಿ ಒಂದು ಭಾಗವನ್ನು ವಾಹನಗಳಿಗೆ ಮತ್ತೆ ತೆರೆಯಿತು. ಫ್ರೆಸ್ನೊ ನಗರದ ಫುಲ್ಟನ್ ಮಾಲ್ 1964ರಿಂದ ಪಾದಚಾರಿ ಬೀದಿಯಾಗಿದ್ದು 2017ರಲ್ಲಿ ಮತ್ತೆ ರಸ್ತೆಯಾಯಿತು. ಶಿಕಾಗೊದ ಸ್ಟೇಟ್ ಸ್ಟ್ರೀಟ್ 1979ರಲ್ಲಿ ಕಾರುಗಳನ್ನು ಹೊರಗಿಟ್ಟು ಬಸ್ಸುಗಳನ್ನು ಉಳಿಸಿಕೊಂಡಿತು. ಅಗಲವಾದ ಫುಟ್‌ಪಾತ್‌ಗಳಲ್ಲಿ ಜನ ಚದುರಿ ಬೀದಿ ಬಿಕೋ ಎನ್ನಿಸಿತು, 1996ರಲ್ಲಿ ಕಾರುಗಳು ವಾಪಸು ಬಂದವು.

ವ್ಯತ್ಯಾಸ ಇರುವುದು ಬೀದಿಯ ಸುತ್ತ. ನಡೆದು, ಸೈಕಲ್‌ನಲ್ಲಿ, ಬಸ್ಸು ರೈಲಿನಲ್ಲಿ ಬರುವ ಜನ ಮೊದಲೇ ದಟ್ಟವಾಗಿದ್ದಾರೆಯೇ? ಹತ್ತು ನಿಮಿಷದ ನಡಿಗೆಯೊಳಗೆ ಸಾವಿರಾರು ಜನ ವಾಸವಿದ್ದಾರೆಯೇ? ಬೀದಿ ಕಿರಿದಾಗಿದೆಯೇ? ಈ ಮೂರಕ್ಕೂ ಹೌದು ಎನ್ನುವ ಕಡೆ ಮುಚ್ಚಿದ ಬೀದಿ ತುಂಬುತ್ತದೆ. ಜನ ಇಲ್ಲದ ಅಗಲ ರಸ್ತೆಯನ್ನು ಮುಚ್ಚಿದರೆ ಇದ್ದ ಅಲ್ಪಸ್ವಲ್ಪ ಚಲನೆಯೂ ನಿಂತುಹೋಗುತ್ತದೆ. ವಾಹನ ತಗ್ಗಿಸಿದರೆ ಜನ ಬರಬಹುದು ಎನ್ನುವ ಆಸೆಯ ಮೇಲೆ ಎಲ್ಲವನ್ನೂ ಪಣಕ್ಕಿಡಬೇಡಿ.

ಅನುಮಾನವಿದ್ದರೆ ಪ್ರಯೋಗ ಮಾಡಿ. ನ್ಯೂಯಾರ್ಕ್ 2009ರಲ್ಲಿ ಟೈಮ್ಸ್ ಸ್ಕ್ವೇರ್‌ನಲ್ಲಿ ವಾಹನ ತಡೆಯಲು ಡಬ್ಬಗಳನ್ನಿಟ್ಟು, ಮಡಚುವ ಕುರ್ಚಿ ಹಾಕಿ ನೋಡಿತು, ಖಾಯಂ ಮಾಡುವ ತೀರ್ಮಾನ ಮರುವರ್ಷ ಬಂತು. ಪ್ರಯೋಗ ಕನಿಷ್ಠ ಮೂರು ತಿಂಗಳು ನಡೆಯಲಿ. ಮೊದಲ ಎರಡು ವಾರ ಚಾಲಕರು ಹಳೇ ದಾರಿಯಲ್ಲೇ ಬಂದು ಸಿಕ್ಕಿಹಾಕಿಕೊಳ್ಳುತ್ತಾರೆ, ಗಲಾಟೆ ಆಗುತ್ತದೆ, ಆ ಎರಡು ವಾರದ ಅಳತೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಭಾನುವಾರ ಒಂದು ದಿನದ ಜಾತ್ರೆ ಮಾಡಿ ಅದನ್ನೇ ಪ್ರಯೋಗ ಎನ್ನುವುದೂ ಸರಿಯಲ್ಲ, ಅದು ಜಾತ್ರೆಯನ್ನು ಅಳೆಯುತ್ತದೆ, ಬೀದಿಯನ್ನಲ್ಲ.

ಪಾರ್ಕಿಂಗ್ ಇಲ್ಲದೆ ಗಿರಾಕಿ ಬರುವರೇ?

ಅಂಗಡಿಯವರು ಮೊದಲು ಕೇಳುವ ಪ್ರಶ್ನೆ ಇದು. ಇದನ್ನು ಹಗುರವಾಗಿ ತಳ್ಳಿಹಾಕಬಾರದು, ಆದರೆ ಅಳೆಯದೆ ಒಪ್ಪಲೂಬಾರದು. ಆಸ್ಟ್ರಿಯಾದ ಗ್ರಾಜ್, ಇಂಗ್ಲೆಂಡಿನ ಬ್ರಿಸ್ಟಲ್ ನಗರಗಳಲ್ಲಿ ಅಂಗಡಿಯವರನ್ನೂ ಗಿರಾಕಿಗಳನ್ನೂ ಬೇರೆ ಬೇರೆ ಕೇಳಿದಾಗ, ಕಾರಿನಲ್ಲಿ ಬರುವವರ ಸಂಖ್ಯೆಯನ್ನು ಅಂಗಡಿಯವರು ಹೆಚ್ಚಾಗಿ ಅಂದಾಜಿಸಿದ್ದು ಕಂಡುಬಂತು. ನಿಮ್ಮ ಬೀದಿಯಲ್ಲೂ ಎರಡೂ ಕಡೆ ಕೇಳಿ, ಎರಡೂ ಉತ್ತರಗಳನ್ನು ಒಂದೇ ಹಾಳೆಯಲ್ಲಿ ಬರೆದು ಸಭೆಯ ಮುಂದಿಡಿ.

ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಹೇಳಿದ ಅಳತೆ ಬಳಕೆಗೆ ಸುಲಭ: ರಸ್ತೆಬದಿಯ ಜಾಗಗಳಲ್ಲಿ ನೂರಕ್ಕೆ 85 ತುಂಬಿ, ಪ್ರತಿ ಸಾಲಿನಲ್ಲೂ ಒಂದೆರಡು ಖಾಲಿ ಇರುವ ಹಾಗೆ ಶುಲ್ಕ ಇಡಬೇಕು. ತುಂಬಿ ತುಳುಕಿದರೆ ಶುಲ್ಕ ಏರಿಸಿ, ಅರ್ಧ ಖಾಲಿಯಿದ್ದರೆ ಇಳಿಸಿ. ಉಚಿತವಾಗಿ ಬಿಟ್ಟ ಬೀದಿಯಲ್ಲಿ ಬೆಳಿಗ್ಗೆ ಮೊದಲು ಬಂದು ಇಡೀ ದಿನ ನಿಲ್ಲಿಸುವವರು ಯಾರು? ಬಹಳ ಸಲ ಅಂಗಡಿಯವರು ಮತ್ತು ಅವರ ಕೆಲಸಗಾರರೇ. ಒಂದು ಸಾಲಿನ ವಾಹನಗಳ ನಂಬರನ್ನು ಗಂಟೆಗೊಮ್ಮೆ ಬರೆದುಕೊಂಡರೆ ಒಂದೇ ದಿನದಲ್ಲಿ ಇದು ಬಯಲಾಗುತ್ತದೆ. ಅವರಿಗೆ ಐದಾರು ನಿಮಿಷದ ದೂರದಲ್ಲಿ ಅಗ್ಗದ ಜಾಗ ಗೊತ್ತುಮಾಡಿ, ಅಂಗಡಿ ಮುಂದಿನ ಜಾಗ ಗಿರಾಕಿಗೆ ಬಿಡುಗಡೆಯಾಗುತ್ತದೆ.

ಶುಲ್ಕದ ಹಣ ಅದೇ ಬೀದಿಗೆ ವಾಪಸು ಬರಬೇಕು. ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ನಗರದ ಹಳೇ ಪೇಟೆಯಲ್ಲಿ 1993ರಲ್ಲಿ ಪಾರ್ಕಿಂಗ್ ಮೀಟರ್ ಹಾಕಿದಾಗ ವರ್ತಕರು ಒಪ್ಪಿದ್ದು, ಬಂದ ಹಣ ಅಲ್ಲಿನ ಫುಟ್‌ಪಾತ್, ದೀಪ, ಸ್ವಚ್ಛತೆಗೇ ಹೋಗುತ್ತದೆ ಎಂದು ಬರೆದುಕೊಟ್ಟ ಮೇಲೆ.

ಹೊಸ ಅಂಗಡಿಗೆ ಇಂತಿಷ್ಟು ಪಾರ್ಕಿಂಗ್ ಕಡ್ಡಾಯ ಎನ್ನುವ ನಿಯಮವನ್ನು ಪೇಟೆಯೊಳಗೆ ತೆಗೆದುಹಾಕುವುದು ಒಳಿತು. ಒಂದು ಕಾರಿಗೆ ಓಡಾಟದ ದಾರಿ ಸೇರಿ 25ರಿಂದ 30 ಚದರ ಮೀಟರ್ ಬೇಕು. 100 ಚದರ ಮೀಟರ್ ಅಂಗಡಿಗೆ ಮೂರು ಕಾರಿನ ಜಾಗ ಕೇಳಿದರೆ ಹೆಚ್ಚುಕಡಿಮೆ ಅಂಗಡಿಯಷ್ಟೇ ಜಾಗ ಕಾರಿಗೆ ಹೋಯಿತು. ಹಳೇ ಬೀದಿಯ ಕಿರಿದಾದ ನಿವೇಶನದಲ್ಲಿ ಅದು ಅಸಾಧ್ಯ, ಹಾಗಾಗಿ ಪಕ್ಕದ ಕಟ್ಟಡ ಕೆಡವುತ್ತಾರೆ ಇಲ್ಲವೇ ಊರಾಚೆ ಹೋಗುತ್ತಾರೆ.

ಸರಕು ಇಳಿಸುವುದು ಎಲ್ಲಿ?

ಪ್ರತಿ 60ರಿಂದ 100 ಮೀಟರಿಗೆ ಒಂದು ಲೋಡಿಂಗ್ ಜಾಗ, ಉದ್ದ ಕನಿಷ್ಠ 10ರಿಂದ 12 ಮೀಟರ್, ಫುಟ್‌ಪಾತ್ ಅಂಚಿನಲ್ಲಿ ಕೈಗಾಡಿ ಏರುವ ಇಳಿಜಾರು. ಬೆಳಿಗ್ಗೆ ಲೋಡಿಂಗಿಗೆ, ಮಧ್ಯಾಹ್ನದ ನಂತರ ಕುಳಿತುಕೊಳ್ಳುವ ಜಾಗಕ್ಕೆ ಎಂದು ಹೊತ್ತು ಹಂಚಬಹುದು. ಇದನ್ನು ನಕ್ಷೆಯಲ್ಲಿ ಮರೆತರೆ ಲಾರಿಗಳು ಹೊಸ ಕಲ್ಲುಹಾಸಿನ ಮೇಲೇ ಏರುತ್ತವೆ. ವರ್ಷದೊಳಗೆ ಕಲ್ಲು ಕುಸಿದು ನೀರು ನಿಲ್ಲುತ್ತದೆ, ಎಲ್ಲರೂ ಗುತ್ತಿಗೆದಾರನನ್ನು ಬಯ್ಯುತ್ತಾರೆ.

ಫುಟ್‌ಪಾತ್ ಮತ್ತು ಅಂಗಡಿ ಮುಂಭಾಗಕ್ಕೆ ಯಾವ ಅಳತೆ ಇಡಬೇಕು?

ಫುಟ್‌ಪಾತನ್ನು ಮೂರು ಪಟ್ಟಿಯಾಗಿ ನೋಡಿ. ಅಂಗಡಿಗೆ ತಾಗಿದ ಅರ್ಧದಿಂದ ಒಂದು ಮೀಟರ್ ನಿಂತು ನೋಡುವವರಿಗೆ. ನಡುವೆ ಕನಿಷ್ಠ 2.5 ಮೀಟರ್ ಏನೂ ಅಡ್ಡವಿಲ್ಲದೆ ನಡೆಯಲು. ರಸ್ತೆಯಂಚಿನ 1.2ರಿಂದ 1.5 ಮೀಟರ್ ಮರ, ದೀಪ, ಬೆಂಚು, ಕಸದ ಡಬ್ಬಿಗೆ. ಒಂದು ಮೀಟರ್ ಅಗಲದಲ್ಲಿ ನಿಮಿಷಕ್ಕೆ 10ರಿಂದ 15 ಜನ ದಾಟುವವರೆಗೆ ಆರಾಮವಾಗಿ ಅಡ್ಡಾಡಬಹುದು, ಅದು ಮೀರಿದರೆ ಜನ ಎರಡು ಸಾಲಾಗಿ ಹರಿಯತೊಡಗುತ್ತಾರೆ, ನಿಂತು ಅಂಗಡಿ ನೋಡುವುದು ಕಷ್ಟವಾಗುತ್ತದೆ. ಮೊದಲು ಮಾಡಿದ ಎಣಿಕೆ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ.

ಮುಂಭಾಗಗಳ ವಿಷಯದಲ್ಲಿ ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೇಲ್ ಅವರ ಮಾನದಂಡ ಉಪಯುಕ್ತ: 100 ಮೀಟರಿಗೆ 15ರಿಂದ 20 ಬಾಗಿಲು ಇದ್ದರೆ ಬೀದಿ ಜೀವಂತ. ಅಂದರೆ ಅಂಗಡಿಗಳ ಅಗಲ ಐದರಿಂದ ಏಳು ಮೀಟರ್. ಆರು ಅಂಗಡಿ ಒಡೆದು ಒಂದು ಬ್ಯಾಂಕ್ ಮಾಡಿದಾಗ ಏನಾಗುತ್ತದೆ ನೋಡಿ: ಆರು ಬಾಗಿಲಿನ ಕಡೆ ಒಂದು ಬಾಗಿಲು, ಉಳಿದದ್ದು ಅಂಟುಹಾಳೆ ಹಚ್ಚಿದ ಗಾಜು, ಸಂಜೆಯಾಗುವ ಮೊದಲೇ ಕತ್ತಲೆ. ಬ್ಯಾಂಕ್ ಬೇಡ ಎಂದಲ್ಲ. ಅದಕ್ಕೆ ಬೀದಿಗೆ ಒಂದು ಬಾಗಿಲಿನಷ್ಟು ಅಗಲ ಕೊಟ್ಟು, ಹಿಂಬದಿಯಲ್ಲೋ ಮೊದಲ ಮಹಡಿಯಲ್ಲೋ ಬೇಕಾದಷ್ಟು ಜಾಗ ಕೊಡುವ ನಿಯಮ ಬರೆಯಬಹುದು.

ಹೊಸ ಕಟ್ಟಡಕ್ಕೆ ನೆಲಮಹಡಿಯ ಎತ್ತರ ಕನಿಷ್ಠ ನಾಲ್ಕು ಮೀಟರ್ ಇರಲಿ. ಮೂರು ಮೀಟರಿನಲ್ಲಿ ಹವಾನಿಯಂತ್ರಣದ ಕೊಳವೆ, ದೀಪ ಹಾಯಿಸಿದ ಮೇಲೆ ತಲೆಗೆ ತಾಗುವಂತಾಗುತ್ತದೆ. ಮೊಣಕಾಲಿನ ಮಟ್ಟದಿಂದ ತಲೆಯ ಮೇಲಿನವರೆಗೆ ಮುಂಭಾಗದ ನೂರಕ್ಕೆ 60 ಭಾಗವಾದರೂ ಒಳಗೆ ಕಾಣುವ ಗಾಜಾಗಿರಲಿ. ಶಟರ್ ಹಾಕುವುದಾದರೆ ಜಾಲರಿ ಶಟರ್, ಸಾಧ್ಯವಾದರೆ ಗಾಜಿನ ಒಳಗಡೆ. ಗಟ್ಟಿ ತಗಡಿನ ಶಟರ್‌ಗಳ ಸಾಲು ರಾತ್ರಿ ಬೀದಿಯನ್ನು ಗೋದಾಮಿನ ಓಣಿಯಂತೆ ಮಾಡುತ್ತದೆ.

ಮೇಲ್ಮಹಡಿಗಳನ್ನು ಮನೆ ಮಾಡುವುದು ಅಷ್ಟು ಕಷ್ಟವೇ?

ಕಷ್ಟ ಇರುವುದು ಮೆಟ್ಟಿಲಿನಲ್ಲಿ. ಹಳೇ ಕಟ್ಟಡಗಳಿಗೆ ಬೀದಿಯಿಂದಲೇ ಮೇಲೇರುವ ಮೆಟ್ಟಿಲು ಇರುತ್ತಿತ್ತು. ಅಂಗಡಿಯ ಮುಂಭಾಗ ಅಗಲವಾಗಲಿ ಎಂದು ಎಷ್ಟೋ ಕಡೆ ಅದನ್ನು ಒಡೆದು ಹಾಕಿದ್ದಾರೆ. ಈಗ ಮೇಲೆ ಹೋಗಬೇಕಾದರೆ ಅಂಗಡಿಯೊಳಗಿನಿಂದಲೇ ಹೋಗಬೇಕು, ಹಾಗಾಗಿ ಮೇಲ್ಮಹಡಿಯನ್ನು ಯಾರಿಗೂ ಪ್ರತ್ಯೇಕವಾಗಿ ಬಾಡಿಗೆಗೆ ಕೊಡಲಾಗದು. ಮೆಟ್ಟಿಲು ಮರಳಿ ಕಟ್ಟಲು 1.1ರಿಂದ 1.2 ಮೀಟರ್ ಅಗಲದ ದಾರಿ ಬೇಕು. ಐದು ಮೀಟರ್ ಮುಂಭಾಗದಲ್ಲಿ ಅದು ಐದನೇ ಒಂದು ಪಾಲಿಗಿಂತ ಹೆಚ್ಚು, ಕೆಳಗಿನ ಬಾಡಿಗೆದಾರ ಒಪ್ಪುವುದಿಲ್ಲ. ಹಿಂಬದಿಯಲ್ಲಿ ಎರಡು ಮೂರು ಕಟ್ಟಡಗಳಿಗೆ ಸೇರಿ ಒಂದೇ ಮೆಟ್ಟಿಲು, ಅಲ್ಲಿಂದ ಒಂದೊಂದು ಮನೆಗೆ ಮೊಗಸಾಲೆ ಮಾಡುವುದು ಇದಕ್ಕೆ ಒಳ್ಳೆಯ ದಾರಿ. ಆದರೆ ನೆರೆಹೊರೆಯ ಮಾಲೀಕರ ನಡುವೆ ದಾರಿಯ ಹಕ್ಕಿನ ಪತ್ರ ನೋಂದಣಿಯಾಗಲೇಬೇಕು. ಬಾಯಿಮಾತಿನ ಒಪ್ಪಂದ ಒಂದು ಕಟ್ಟಡ ಮಾರಾಟವಾದ ದಿನವೇ ಮುರಿದುಬೀಳುತ್ತದೆ.

ಬೆಂಕಿಯಿಂದ ಪಾರಾಗುವ ಎರಡನೇ ದಾರಿ, ಅಂಗಡಿಯ ಚಾವಣಿಗೆ ಬೆಂಕಿ ಮತ್ತು ಸದ್ದು ತಡೆಯುವ ಪದರ, ಕಸ ಇಡಲು ಜಾಗ, ಪ್ರತ್ಯೇಕ ನೀರು ಮತ್ತು ವಿದ್ಯುತ್ ಮೀಟರ್ ಇವು ಉಳಿದ ಖರ್ಚು. ಎಷ್ಟು ಜನ ಸಿಗುತ್ತಾರೆ? 300 ಮೀಟರ್ ಬೀದಿಯ ಎರಡೂ ಬದಿ ಆರು ಮೀಟರಿನ ನಿವೇಶನಗಳಾದರೆ ನೂರು ಕಟ್ಟಡ. ಅರ್ಧದಷ್ಟರಲ್ಲಿ ಎರಡೆರಡು ಮನೆಯಾದರೆ ನೂರು ಮನೆ, ಸುಮಾರು ಇನ್ನೂರು ಜನ. ಇಷ್ಟರಿಂದ ಪೇಟೆ ಬದುಕುವುದಿಲ್ಲ, ದಿನಸಿ ಅಂಗಡಿಗೆ ಆಸರೆಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ರಾತ್ರಿ ಕಿಟಕಿಗಳಲ್ಲಿ ಬೆಳಕಿರುತ್ತದೆ. ಒಂಟಿಯಾಗಿ ನಡೆಯುವವರಿಗೆ ಅದೊಂದು ಧೈರ್ಯ.

ಆನ್‌ಲೈನ್ ವ್ಯಾಪಾರ, ಊರಾಚೆಯ ಮಾಲ್ ಇವುಗಳ ಎದುರು ಪೇಟೆ ನಿಲ್ಲಬಲ್ಲದೇ?

ಅದೇ ಸರಕನ್ನು ಅದೇ ಬೆಲೆಗೆ ಮಾರುವ ಅಂಗಡಿಗೆ ಕಷ್ಟ. ಕೈಯಿಂದ ಮುಟ್ಟಿ ನೋಡಬೇಕಾದದ್ದು, ಅಳತೆಗೆ ಹೊಲಿಯಬೇಕಾದದ್ದು, ರಿಪೇರಿ, ಕ್ಷೌರ, ಕನ್ನಡಕ, ಊಟ ತಿಂಡಿ, ಕಲಿಕೆ ಇವೆಲ್ಲ ಇನ್ನೂ ಜನರನ್ನು ಬೀದಿಗೆ ತರುತ್ತವೆ. ಆದ್ದರಿಂದ ಯಾವ ಜಾಗದಲ್ಲಿ ಏನಿರಬಹುದು ಎಂದು ಹೇಳುವ ವಲಯ ನಿಯಮದಲ್ಲಿ ‘ಚಿಲ್ಲರೆ ಮಾರಾಟ ಮಾತ್ರ’ ಎಂದಿದ್ದರೆ ಬದಲಿಸಿ: ಬೀದಿಗೆ ತೆರೆದ ಬಾಗಿಲು, ಕಾಣುವ ಗಾಜು, ದಿನವಿಡೀ ಗಿರಾಕಿ ಇದ್ದರೆ ಸಾಕು. ಆನ್‌ಲೈನ್ ಆರ್ಡರಿನ ಗೋದಾಮುಗಳು ಗಾಜಿಗೆ ಕಪ್ಪು ಹಾಳೆ ಹಚ್ಚಿ ಮುಖ್ಯ ಬೀದಿಯ ನೆಲಮಹಡಿ ಹಿಡಿಯದಂತೆ ನೋಡಿಕೊಳ್ಳಿ, ಅವಕ್ಕೆ ಹಿಂದಿನ ಬೀದಿ ಸಾಕು.

ಊರಾಚೆಯ ಮಳಿಗೆಗಳ ಬಗ್ಗೆ ಇಂಗ್ಲೆಂಡಿನ ಯೋಜನಾ ನೀತಿಯಲ್ಲಿ 1990ರ ದಶಕದಿಂದ ಒಂದು ಪರೀಕ್ಷೆ ಇದೆ: ಮೊದಲು ಪೇಟೆಯೊಳಗೆ ಜಾಗ ಹುಡುಕಬೇಕು, ಅಲ್ಲಿಲ್ಲವೆಂದರೆ ಪೇಟೆಯಂಚಿನಲ್ಲಿ, ಅಲ್ಲೂ ಇಲ್ಲವೆಂದರೆ ಮಾತ್ರ ಊರಾಚೆ. ಒಳ್ಳೆಯ ನಿಯಮ. ಆದರೆ ನಗರಾಡಳಿತ ತನ್ನ ಕಚೇರಿ, ಗ್ರಂಥಾಲಯ, ಆಸ್ಪತ್ರೆಯನ್ನೇ ಹೆದ್ದಾರಿ ಬದಿಗೆ ಸಾಗಿಸಿ ವರ್ತಕರಿಗೆ ಪೇಟೆಯಲ್ಲೇ ಇರಿ ಎನ್ನುವುದು ನ್ಯಾಯವಲ್ಲ. ನೂರಾರು ನೌಕರರ ಕಚೇರಿಯೊಂದು ಹೊರಟರೆ ಮಧ್ಯಾಹ್ನದ ಊಟ, ಸಂಜೆಯ ಸಾಮಾನು ಖರೀದಿ ಎರಡೂ ಅದರ ಜತೆ ಹೊರಡುತ್ತವೆ.

ಇದನ್ನೆಲ್ಲ ನಡೆಸುವವರು ಯಾರು? ಹಣ ಎಲ್ಲಿಂದ?

ಯಾರಿಗಾದರೂ ಇದು ಪೂರ್ಣಾವಧಿಯ ಕೆಲಸವಾಗಬೇಕು. ಸಮಿತಿ ತಿಂಗಳಿಗೊಮ್ಮೆ ಸೇರುತ್ತದೆ, ಒಡೆದ ಸ್ಲ್ಯಾಬ್ ದಿನಾ ಎಡವಿಸುತ್ತದೆ. ಟೊರಾಂಟೊದ ಬ್ಲೂರ್ ವೆಸ್ಟ್ ವಿಲೇಜ್ ಬೀದಿಯ ವರ್ತಕರು 1970ರಲ್ಲಿ ತಮ್ಮ ಮೇಲೆ ತಾವೇ ಒಂದು ಸಣ್ಣ ಹೆಚ್ಚುವರಿ ಕರ ಹಾಕಿಸಿಕೊಂಡು, ಆ ಹಣದಿಂದ ಬೀದಿಯನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡಿದರು. ಇದೇ ಮಾದರಿ ಆಮೇಲೆ ಹಲವು ದೇಶಗಳಿಗೆ ಹರಡಿತು. ಕರ ಎಲ್ಲರಿಗೂ ಕಡ್ಡಾಯವಾದ್ದರಿಂದ, ಐದು ಜನ ಕೊಟ್ಟು ಐವತ್ತು ಜನ ಲಾಭ ಪಡೆಯುವ ಹಳೇ ಜಗಳ ಇರುವುದಿಲ್ಲ. ಇಂಗ್ಲೆಂಡಿನಲ್ಲಿ ಇದಕ್ಕೆ ಮತದಾನವಿದೆ, ಮತಗಳ ಸಂಖ್ಯೆಯಲ್ಲೂ ಆಸ್ತಿಮೌಲ್ಯದಲ್ಲೂ ಬಹುಮತ ಬೇಕು, ಅವಧಿ ಹೆಚ್ಚೆಂದರೆ ಐದು ವರ್ಷ, ಮುಂದುವರಿಸಲು ಮತ್ತೆ ಮತ ಕೇಳಬೇಕು. ಎರಡೂ ಬಹುಮತ ಕೇಳುವುದರಿಂದ ದೊಡ್ಡವರು ಚಿಕ್ಕವರ ಮೇಲೆ, ಚಿಕ್ಕವರು ದೊಡ್ಡವರ ಮೇಲೆ ಹೇರುವಂತಿಲ್ಲ.

ಈ ಹಣ ನಗರಾಡಳಿತ ಈಗಾಗಲೇ ಮಾಡಬೇಕಾದ ಕೆಲಸಕ್ಕೆ ಹೋಗಬಾರದು. ಕಸ ದಿನಕ್ಕೊಮ್ಮೆ ಎತ್ತುವುದು ಆಡಳಿತದ ಹೊಣೆ, ಮಧ್ಯಾಹ್ನ ಇನ್ನೊಮ್ಮೆ ಎತ್ತುವುದು ಈ ಹಣದಿಂದ. ಯಾವುದು ಯಾರದು ಎಂದು ಮೊದಲ ದಿನವೇ ಬರೆದಿಡಿ.

ಬೀದಿ ಚೆಂದವಾದ ಮೇಲೆ ಬಾಡಿಗೆ ಏರಿ ಹಳಬರು ಹೊರಗೆ ಹೋಗುವುದಿಲ್ಲವೇ?

ಹೋಗುತ್ತಾರೆ, ತಡೆಯದಿದ್ದರೆ. ಸಾಮಾನ್ಯ ಅಂಗಡಿಗೆ ಬಾಡಿಗೆ ವ್ಯಾಪಾರದ ನೂರಕ್ಕೆ ಹತ್ತರ ಆಸುಪಾಸಿನಲ್ಲಿದ್ದರೆ ತಡೆದುಕೊಳ್ಳಬಹುದು, ಲಾಭದ ಅಂತರ ತೆಳುವಾಗಿರುವ ದಿನಸಿಗೆ ಅದಕ್ಕಿಂತ ಬಹಳ ಕಡಿಮೆ ಇರಬೇಕು. ಕಾಮಗಾರಿಗೆ ಸರ್ಕಾರದ ಹಣ ಬರುವ ಮುನ್ನವೇ ಬಾಡಿಗೆದಾರರು ದೀರ್ಘ ಕರಾರು ಮಾಡಿಕೊಳ್ಳುವಂತೆ ಕಾನೂನು ನೆರವು ಕೊಡಿ, ಸುದ್ದಿ ಹೊರಬಿದ್ದ ಮೇಲೆ ತಡವಾಗುತ್ತದೆ. ಮುಂಭಾಗದ ದುರಸ್ತಿಗೆ ಅನುದಾನ ಪಡೆಯುವ ಮಾಲೀಕರಿಗೆ ಮೂರರಿಂದ ಐದು ವರ್ಷ ಬಾಡಿಗೆ ಏರಿಕೆಗೆ ಮಿತಿ ಎನ್ನುವ ಷರತ್ತು ಹಾಕಿ. ಅಂಗಡಿಗಳನ್ನು ಒಗ್ಗೂಡಿಸಿ ದೊಡ್ಡದು ಮಾಡಲು ಪ್ರತ್ಯೇಕ ಅನುಮತಿ ಬೇಕೆನ್ನಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2004ರಿಂದ ಸರಣಿ ಮಳಿಗೆಗಳಿಗೆ (ಒಂದೇ ಹೆಸರಿನಲ್ಲಿ ಹಲವು ಕಡೆ ಇರುವ ಅಂಗಡಿಗಳಿಗೆ) ಹಲವು ಬೀದಿಗಳಲ್ಲಿ ಬೇರೆಯೇ ಪರಿಶೀಲನೆ ಇದೆ. ಸರಣಿಯ ಒಂದೆರಡು ಮಳಿಗೆ ಜನರನ್ನು ಸೆಳೆಯುತ್ತವೆ, ಬೀದಿಯೆಲ್ಲ ಅವೇ ಆದರೆ ಬೇರೆ ಕಡೆ ಸಿಗದ್ದು ಅಲ್ಲಿ ಏನೂ ಉಳಿಯುವುದಿಲ್ಲ.

ಬೀದಿಬದಿ ವ್ಯಾಪಾರಿಗಳನ್ನು ತೆರವು ಮಾಡಬೇಕೇ?

ಬೇಡ. ಅವರು ಜನ ಹೆಚ್ಚು ನಡೆಯುವ ಜಾಗವನ್ನು ಯಾವ ಸಮೀಕ್ಷೆಗಿಂತ ಚೆನ್ನಾಗಿ ಬಲ್ಲರು. ರಸ್ತೆಯಂಚಿನ ಪಟ್ಟಿಯಲ್ಲಿ ಗುರುತು ಹಾಕಿದ ಜಾಗ, ನೀರು, ವಿದ್ಯುತ್ ಕೊಡಿ, ನಡುವಿನ ನಡಿಗೆಯ ಪಟ್ಟಿ ಮಾತ್ರ ಬಿಡಬೇಕೆಂದು ಒಪ್ಪಂದ ಮಾಡಿಕೊಳ್ಳಿ. ಅವರನ್ನು ಹಿಂದಿನ ಓಣಿಯ ಕಟ್ಟಡಕ್ಕೆ ಸಾಗಿಸಿದರೆ ಗಿರಾಕಿ ಹಿಂಬಾಲಿಸುವುದಿಲ್ಲ, ಕೆಲವೇ ವಾರಗಳಲ್ಲಿ ಅವರು ಮೊದಲಿದ್ದ ಜಾಗಕ್ಕೇ ಮರಳುತ್ತಾರೆ.

ಕಾಮಗಾರಿಯ ಕಾಲದಲ್ಲೇ ಅಂಗಡಿಗಳು ಮುಳುಗಿದರೆ?

ಇದು ನಿಜವಾದ ಅಪಾಯ. ಯೋಜನೆ ಒಳ್ಳೆಯದಾದರೂ ಅಗೆತದ ಎಂಟು ತಿಂಗಳು ದಾಟಲಾಗದೆ ಮುಚ್ಚುವ ಅಂಗಡಿಗಳಿರುತ್ತವೆ.

ಅಗೆಯುವ ಮುನ್ನ ನೀರು, ಒಳಚರಂಡಿ, ವಿದ್ಯುತ್, ಇಂಟರ್‌ನೆಟ್ ಎಲ್ಲ ಇಲಾಖೆಗಳನ್ನೂ ಒಂದೇ ಮೇಜಿನ ಸುತ್ತ ಕೂರಿಸಿ, ಮುಂದಿನ ಹತ್ತು ವರ್ಷದಲ್ಲಿ ಬದಲಿಸಬೇಕಾದ ಕೊಳವೆಗಳ ಪಟ್ಟಿ ತೆಗೆದುಕೊಳ್ಳಿ. ಎಲ್ಲವನ್ನೂ ಒಂದೇ ಅಗೆತದಲ್ಲಿ ಮುಗಿಸಿ. ಪ್ರತಿ 20 ಮೀಟರಿಗೆ ಒಂದೆರಡು ಪರೀಕ್ಷಾ ಗುಂಡಿ ತೋಡಿ ನೋಡಿ, ಹಳೇ ಪೇಟೆಯ ನೆಲದಡಿ ಏನಿದೆ ಎನ್ನುವುದು ನಕ್ಷೆಗಳಲ್ಲಿ ಪೂರ್ತಿ ಇರುವುದಿಲ್ಲ. ಗುತ್ತಿಗೆ ಕೊಟ್ಟ ಮೇಲೆ ಗುರುತಿಲ್ಲದ ಕೇಬಲ್ ಸಿಕ್ಕರೆ ಕೆಲಸ ವಾರಗಟ್ಟಲೆ ನಿಲ್ಲುತ್ತದೆ, ಗುಂಡಿ ಬಾಯ್ತೆರೆದೇ ಇರುತ್ತದೆ.

ಒಂದು ಸಲಕ್ಕೆ 60ರಿಂದ 80 ಮೀಟರ್, ಅದೂ ಒಂದೇ ಬದಿ. ಅದು ಮುಗಿಯದೆ ಮುಂದಿನದನ್ನು ಮುಟ್ಟುವಂತಿಲ್ಲ ಎಂದು ಗುತ್ತಿಗೆಯಲ್ಲೇ ಬರೆಯಿರಿ, ತಡವಾದ ಪ್ರತಿ ದಿನಕ್ಕೂ ದಂಡ ಇರಲಿ. ಪ್ರತಿ ಅಂಗಡಿಗೂ ಕನಿಷ್ಠ 1.2 ಮೀಟರ್ ಅಗಲದ, ಕೈಹಿಡಿ ಇರುವ ಹಲಗೆ ಸೇತುವೆ. ಹಸಿರು ಬಲೆಯಿಂದ ಅಂಗಡಿಗಳನ್ನು ಮರೆಮಾಡಬೇಡಿ, ‘ಅಂಗಡಿಗಳು ತೆರೆದಿವೆ’ ಎನ್ನುವ ಫಲಕದಲ್ಲಿ ಒಂದೊಂದು ಅಂಗಡಿಯ ಹೆಸರೂ ಇರಲಿ. ವರ್ಷದಲ್ಲಿ ವ್ಯಾಪಾರ ಜೋರಿರುವ ವಾರಗಳಲ್ಲಿ ಅಗೆತ ಪೂರ್ತಿ ನಿಲ್ಲಬೇಕು. ದೂರು ಕೇಳಲು ಒಬ್ಬ ವ್ಯಕ್ತಿ, ಒಂದು ಫೋನ್ ನಂಬರ್, ಅದೇ ದಿನ ಉತ್ತರ. ಈ ಕೊನೆಯದಕ್ಕೆ ಖರ್ಚು ತೀರಾ ಕಡಿಮೆ, ಆದರೆ ವರ್ತಕರು ಯೋಜನೆಯ ಪರ ನಿಲ್ಲುವುದೋ ವಿರುದ್ಧ ತಿರುಗುವುದೋ ಬಹುಪಾಲು ಅದರಿಂದಲೇ ತೀರ್ಮಾನವಾಗುತ್ತದೆ.

ಯೋಜನೆ ಕೆಲಸ ಮಾಡುತ್ತಿದೆ ಎಂದು ತಿಳಿಯುವುದು ಹೇಗೆ, ಎಷ್ಟು ವರ್ಷ ಕಾಯಬೇಕು?

ವರ್ಷಕ್ಕೊಮ್ಮೆ ಒಂದು ಪುಟ. ಅದೇ ಜಾಗಗಳಲ್ಲಿ ನಡೆದವರ ಸಂಖ್ಯೆ, ಖಾಲಿ ಅಂಗಡಿಗಳು, ಅದರಲ್ಲಿ ಒಂದು ವರ್ಷ ಮೀರಿದವು, ಹೊಸದಾಗಿ ತೆರೆದವು ಮತ್ತು ಮುಚ್ಚಿದವು, ರಾತ್ರಿ ಎಂಟಕ್ಕೆ ತೆರೆದಿರುವ ಬಾಗಿಲುಗಳು, ಮೇಲ್ಮಹಡಿಯಲ್ಲಿ ವಾಸವಿರುವ ಮನೆಗಳು. ವ್ಯಾಪಾರದ ಮೊತ್ತ ಹೇಳಲು ಅಂಗಡಿಯವರು ಹಿಂಜರಿಯುತ್ತಾರೆ. ಕಳೆದ ವರ್ಷವನ್ನು 100 ಎಂದಿಟ್ಟುಕೊಂಡರೆ ಈ ವರ್ಷ ಎಷ್ಟು ಎಂದು ಹೆಸರಿಲ್ಲದ ಚೀಟಿಯಲ್ಲಿ ಕೇಳಿದರೆ ಬರೆದುಕೊಡುತ್ತಾರೆ.

ಮೊದಲ ವರ್ಷ ಸಂಖ್ಯೆಗಳು ಇಳಿಯಬಹುದು, ಅದರಲ್ಲೂ ಕಾಮಗಾರಿ ಇದ್ದರೆ. ಎರಡನೇ ವರ್ಷ ಸಂಜೆಯ ನಡಿಗೆ ಏರಿದೆಯೇ ನೋಡಿ, ಬದಲಾವಣೆ ಮೊದಲು ಕಾಣುವುದು ಸಾಮಾನ್ಯವಾಗಿ ಅಲ್ಲಿ. ಖಾಲಿ ಅಂಗಡಿಗಳ ಲೆಕ್ಕ ಇಳಿಯುವುದು ಕರಾರುಗಳು ಬದಲಾಗುವ ಮೂರನೇ, ನಾಲ್ಕನೇ ವರ್ಷದಲ್ಲಿ. ಜನ ಹೆಚ್ಚಾಗಿ ವ್ಯಾಪಾರ ಹೆಚ್ಚದಿದ್ದರೆ ಅಂಗಡಿಗಳ ಬಗೆ ಜನಕ್ಕೆ ಒಪ್ಪುತ್ತಿಲ್ಲ, ಸಮೀಕ್ಷೆಗೆ ಹಿಂತಿರುಗಿ. ವ್ಯಾಪಾರ ಹೆಚ್ಚಿಯೂ ಹಳೇ ಅಂಗಡಿಗಳು ಮುಚ್ಚುತ್ತಿದ್ದರೆ ಬಾಡಿಗೆಯನ್ನು ನೋಡಿ. ಎರಡೂ ಏರದೆ ಖಾಲಿ ಮಾತ್ರ ಹೆಚ್ಚುತ್ತಿದ್ದರೆ ಜಾಗವೇ ಹೆಚ್ಚಾಗಿದೆ, ಪೇಟೆಯ ಅಂಚಿನಿಂದ ಶುರುಮಾಡಿ ಒಂದೊಂದೇ ಕಟ್ಟಡವನ್ನು ಬೇರೆ ಬಳಕೆಗೆ ತಿರುಗಿಸುತ್ತ ಬನ್ನಿ.